ಮಕ್ಕಳ ವಿಜ್ಞಾನ ಸಮಾವೇಶ ಮತ್ತು ಗೀಟು ಹೊಡೆದ ಪುಟ

ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಲ್ಲಿ ಆರಂಭವಾಯಿತು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ ನಡೆಯುವ ಈ ಕಾರ್ಯಕ್ರಮದಲ್ಲಿ 10ರಿಂದ 17 ವರ್ಷದ ಮಕ್ಕಳು ಭಾಗವಹಿಸಬಹುದು. ಶಾಲೆ ಬಿಟ್ಟವರಿಗೂ ಅಡ್ಡಿಯಿಲ್ಲ. ಕರ್ನಾಟಕದಲ್ಲಿ ಇದನ್ನು ನಡೆಸಿಕೊಂಡು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಎರಡು ವರ್ಷಕ್ಕೊಂದು ಮುಖ್ಯ ವಿಷಯ: 2012–13ರಲ್ಲಿ ಶಕ್ತಿ, 2014–15ರಲ್ಲಿ ಹವಾಮಾನ. ಅದರ ಚೌಕಟ್ಟಿನೊಳಗೆ ಮಕ್ಕಳ ಪುಟ್ಟ ತಂಡ ತನ್ನೂರಿನದೇ ಸಮಸ್ಯೆಯೊಂದನ್ನು ಆರಿಸಿಕೊಂಡು, ಅಳೆದು, ಜನರನ್ನು ವಿಚಾರಿಸಿ, ವರದಿ ಬರೆದು ಜಿಲ್ಲಾ, ರಾಜ್ಯ, ರಾಷ್ಟ್ರ ಮಟ್ಟಗಳಲ್ಲಿ ಮಂಡಿಸುತ್ತದೆ.

ಶಾಲೆಯ ವಸ್ತುಪ್ರದರ್ಶನದಲ್ಲಿ ಥರ್ಮೋಕೋಲಿನ ಜ್ವಾಲಾಮುಖಿ ಉಕ್ಕುವುದು ಎಲ್ಲರಿಗೂ ಮೊದಲೇ ಗೊತ್ತು. ಸಮಾವೇಶದ ಹೆಚ್ಚುಗಾರಿಕೆ ಇರುವುದು ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮಕ್ಕಳ ಕೈಗೆ ಕೊಡುವುದರಲ್ಲಿ. ಸೋರುವ ಬೀದಿ ನಲ್ಲಿಯನ್ನೇ ತೆಗೆದುಕೊಳ್ಳಬಹುದು. ಸೆಕೆಂಡಿಗೊಂದು ಹನಿ, ಇಪ್ಪತ್ತು ಹನಿಗೆ ಸುಮಾರು ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ ನಾಲ್ಕು ಲೀಟರಿಗಿಂತ ತುಸು ಹೆಚ್ಚು ನೀರು ಪೋಲು. ಚಾರ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಲು ಲಾಯಕ್ಕಾದ ಅಂಕಿ. ಆದರೆ ತಂಡದಲ್ಲೊಬ್ಬಳು, ನೀರು ಬಿಡುವುದೇ ದಿನಕ್ಕೆ ಎರಡು ಗಂಟೆ ಅಲ್ಲವಾ ಎಂದು ಕೇಳಿದಳು ಎನ್ನೋಣ. ಲೆಕ್ಕ ಒಮ್ಮೆಗೇ 360 ಮಿಲಿಲೀಟರಿಗೆ ಇಳಿಯುತ್ತದೆ. ಆಗ ನಲ್ಲಿಯನ್ನು ಬಿಟ್ಟು, ಪೋಲಾಗುವ ನೀರನ್ನು ಪೈಪಿನ ಜೋಡಣೆಯಲ್ಲೋ ತುಂಬಿ ಹರಿಯುವ ತೊಟ್ಟಿಯಲ್ಲೋ ಹುಡುಕಬೇಕಾಗುತ್ತದೆ. ತನ್ನ ಲೆಕ್ಕವನ್ನೇ ಅನುಮಾನಿಸುವ ಈ ಗಳಿಗೆಯನ್ನು ಯಾವ ಪಠ್ಯಪುಸ್ತಕವೂ ಸುಲಭವಾಗಿ ಒದಗಿಸಲಾರದು.

ಸಮಾವೇಶದ ದೌರ್ಬಲ್ಯ ಕಾಣಿಸಿಕೊಳ್ಳುವುದೂ ಇಲ್ಲಿಯೇ. ಮಂಡನೆಗೆ ಸಿಗುವುದು ಕೆಲವೇ ನಿಮಿಷ. ಮುಂದಿನ ಸುತ್ತಿಗೆ ಹೋಗುವ ತಂಡಗಳು ಬೆರಳೆಣಿಕೆಯಷ್ಟು. ಹಾಗಾಗಿ ಚಾರ್ಟಿನಲ್ಲಿ ನಾಲ್ಕು ಲೀಟರ್ ಉಳಿಯುತ್ತದೆ, ಆ ಹುಡುಗಿಯ ಪ್ರಶ್ನೆ ಬಿಟ್ಟುಹೋಗುತ್ತದೆ. ವರದಿಯ ಭಾಷೆ ಎಷ್ಟೋ ಸಲ ಮಾರ್ಗದರ್ಶಿ ಶಿಕ್ಷಕರದ್ದು. ಒಂಬತ್ತನೇ ತರಗತಿಯ ಹುಡುಗ ‘ಸುಸ್ಥಿರ ನಿರ್ವಹಣೆ’ ಎಂದು ಗಿಳಿಪಾಠ ಒಪ್ಪಿಸಿದರೆ ಅದು ಯಾರ ಮಾತೆಂದು ಸಭೆಗೆ ತಿಳಿಯುತ್ತದೆ. ಶಿಕ್ಷಕರನ್ನಷ್ಟೇ ದೂರುವಂತಿಲ್ಲ. ಆಯ್ಕೆಯಾದರೆ ಶಾಲೆಗೆ ಹೆಸರು, ಆಗದಿದ್ದರೆ ತಿಂಗಳುಗಟ್ಟಲೆ ಪಟ್ಟ ಪಾಡಿಗೆ ಒಂದು ಪ್ರಮಾಣಪತ್ರ.

ಇದಕ್ಕೆ ಮದ್ದು ಸಮಾವೇಶದಲ್ಲೇ ಇದೆ. ವರದಿಯ ಜೊತೆಗೆ ತಂಡ ದಿನಚರಿ ಪುಸ್ತಕವನ್ನೂ ಇಡಬೇಕು. ಯಾವ ದಿನ ಏನು ಅಳೆದರು, ಯಾರು ಮಾಹಿತಿ ಕೊಡಲು ಒಪ್ಪಲಿಲ್ಲ, ಯಾವ ಅಂಕಿಗೆ ಗೀಟು ಹೊಡೆದರು ಎಂಬುದೆಲ್ಲ ಅದರಲ್ಲಿರಬೇಕು. ಕೊನೆಯ ವಾರ ಕೂತು ಒಂದೇ ಪೆನ್ನಿನಲ್ಲಿ ತುಂಬಿಸಿದ ಪುಸ್ತಕದ ಗುರುತು ಮೊದಲ ನೋಟಕ್ಕೇ ಸಿಗುತ್ತದೆ. ತೀರ್ಪುಗಾರರು ಚಾರ್ಟಿಗಿಂತ ಮೊದಲು ಇದನ್ನು ತೆರೆದು, ಗೀಟು ಹೊಡೆದ ಅಂಕಿಯ ಬಗ್ಗೆಯೇ ಮೊದಲ ಪ್ರಶ್ನೆ ಕೇಳಿದರೆ ಬಾಯಿಪಾಠ ಅಲ್ಲಿಗೆ ನಿಲ್ಲುತ್ತದೆ. ಇದಕ್ಕೆ ಹೊಸ ನಿಯಮವಾಗಲಿ ಹೆಚ್ಚಿನ ಅನುದಾನವಾಗಲಿ ಬೇಕಿಲ್ಲ. ಪ್ರತಿ ತಂಡಕ್ಕೆ ಇನ್ನೈದು ನಿಮಿಷ ಬೇಕು.