ಆರು ತಿಂಗಳ ಅಮೆರಿಕ

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆ ಬೆಳಗಿನ ಹೊತ್ತು ಯಾವ ಪಾರ್ಕಿಗೆ ಹೋದರೂ ಡಲ್ಲಾಸ್, ಸಿಯಾಟಲ್, ನ್ಯೂಜೆರ್ಸಿಯ ಹೆಸರು ಕಿವಿಗೆ ಬೀಳುತ್ತದೆ. ಚೆನ್ನೈವರೆಗೆ ಹೋಗಿ ವೀಸಾ ಸಂದರ್ಶನ ಮುಗಿಸಿ, ಸೂಟ್‌ಕೇಸಿಗೆ ಹುಳಿಪುಡಿ, ಚಟ್ನಿಪುಡಿ ತುಂಬಿ, ಮಕ್ಕಳ ಮನೆಯಲ್ಲಿ ಆರು ತಿಂಗಳಿದ್ದು ಬಂದ ತಂದೆತಾಯಿಯರ ಬಡಾವಣೆಗಳಿವು. ಬಂದವರಲ್ಲಿ ಹಲವರು ಬರೆಯುತ್ತಾರೆ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ನೆಂಟರಿಷ್ಟರಿಗೆ ಹಂಚುತ್ತಾರೆ. ಕನ್ನಡದ ಪ್ರವಾಸ ಕಥನ ಇವತ್ತು ಹೆಚ್ಚಾಗಿ ಉಳಿದಿರುವುದು ಈ ರೂಪದಲ್ಲಿ. ವಿಮರ್ಶಕರು ಇದರ ಕಡೆ ತಿರುಗಿಯೂ ನೋಡುವುದಿಲ್ಲ. ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಈ ಪುಸ್ತಕಗಳಿಗೆ ದೊಡ್ಡ ವಂಶಾವಳಿಯೇ ಇದೆ. 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಮೇಲೆ ಅಮೆರಿಕ ನೋಡಿ ಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಎ.ಎನ್. ಮೂರ್ತಿರಾಯರು ತಮ್ಮ ಪುಸ್ತಕಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದೇ ಹೆಸರಿಟ್ಟರು. ಅದಕ್ಕೂ ಮುಂಚೆ, ಹಾರ್ವರ್ಡ್‌ನಲ್ಲಿ ಸಸ್ಯಶಾಸ್ತ್ರದ ಸಂಶೋಧನೆ ಮಾಡಿದ ಬಿ.ಜಿ.ಎಲ್. ಸ್ವಾಮಿ ‘ಅಮೆರಿಕದಲ್ಲಿ ನಾನು’ ಬರೆದಿದ್ದರು. ಗೊರೂರರ ಬೆನ್ನ ಹಿಂದೆ ಹೇಮಾವತಿ ತೀರದ ಇಡೀ ಹಳ್ಳಿಯಿತ್ತು, ಖಾದಿಯಿತ್ತು, ಗಾಂಧಿಯಿದ್ದರು. ಅಂಥ ಮನುಷ್ಯ ಅಮೆರಿಕದ ಅಂಗಡಿಯೊಳಗೆ ಕಾಲಿಟ್ಟರೆ ಎರಡು ಲೋಕಗಳು ಎದುರುಬದುರಾಗುತ್ತವೆ. ಬರಹಕ್ಕೆ ಕಾವು ಬರುವುದು ಅಲ್ಲಿಂದ.

ಇವತ್ತಿನವರಿಗೆ ಆ ಅಂತರ ಉಳಿದಿಲ್ಲ. ಮಾಲು, ಹೆದ್ದಾರಿ, ಡಿಷ್‌ವಾಷರ್ ಎಲ್ಲವೂ ಇಲ್ಲೇ ಇವೆ. ನಯಾಗರವನ್ನು ಹೋಗುವ ಮೊದಲೇ ಮೊಬೈಲಿನಲ್ಲಿ ನೋಡಿರುತ್ತಾರೆ. ಆದರೂ ಪುಸ್ತಕದ ಅಧ್ಯಾಯಗಳು ಬದಲಾಗಿಲ್ಲ: ವಿಮಾನದ ಊಟ, ರಸ್ತೆಯ ಶಿಸ್ತು, ನಯಾಗರ, ಅಲ್ಲೊಂದು ದೇವಸ್ಥಾನ, ಕನ್ನಡ ಕೂಟದ ಯುಗಾದಿ. ದೇಶಕ್ಕೆ ದೇಶವನ್ನು ಹೋಲಿಸುತ್ತಾ ಹೋಗುವ ಈ ಕಥನದಲ್ಲಿ ಮಗ ಕಾರು ಓಡಿಸುತ್ತಾನೆ, ಟಿಕೆಟ್ ತೆಗೆಸುತ್ತಾನೆ, ಅಷ್ಟೆ. ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳಲ್ಲಿ ಯಾವೊಂದು ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಸಿಗದು ಎಂಬ ಅಲ್ಲಿನ ಕಾನೂನಿನಿಂದಾಗಿ ಅವನು ವರ್ಷಗಟ್ಟಲೆ ಸಾಲಿನಲ್ಲಿ ನಿಂತಿದ್ದಾನೆ. ಕೆಲಸ ಹೋದರೆ ಕೆಲವೇ ವಾರಗಳಲ್ಲಿ ಬೇರೆ ಕೆಲಸ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಿ ಹೊರಡಬೇಕು. ರಾತ್ರಿ ಒಂದು ಗಂಟೆಗೆ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಮಗನನ್ನು ನೀರು ಕುಡಿಯಲು ಎದ್ದ ಅಪ್ಪ ಕಂಡಿರುತ್ತಾನೆ. ಪುಸ್ತಕದಲ್ಲಿ ಆ ರಾತ್ರಿ ಇರುವುದಿಲ್ಲ.

ಪರದೇಶದ ಬದುಕಿನ ಬಗ್ಗೆ ಕನ್ನಡದಲ್ಲಿ ಬಂದ ಅತಿ ಆಳವಾದ ಬರಹ ಯಾವುದೆಂದರೆ ನಾನು ಪ್ರವಾಸ ಕಥನವನ್ನಲ್ಲ, ಎ.ಕೆ. ರಾಮಾನುಜನ್ ಅವರ ‘ಅಣ್ಣಯ್ಯನ ಮಾನವಶಾಸ್ತ್ರ’ ಎಂಬ ಸಣ್ಣಕತೆಯನ್ನು ಹೆಸರಿಸುತ್ತೇನೆ. 1993ರಲ್ಲಿ ತೀರಿಕೊಳ್ಳುವವರೆಗೆ ಮೂರು ದಶಕ ಷಿಕಾಗೊದಲ್ಲಿ ಪಾಠ ಹೇಳಿದವರು ಅವರು. ಕತೆಯ ಅಣ್ಣಯ್ಯ ಮೈಸೂರಿನಲ್ಲಿದ್ದಾಗ ಮನೆಯ ಆಚಾರಗಳ ಗೊಡವೆಗೆ ಹೋದವನಲ್ಲ. ಷಿಕಾಗೊಗೆ ಹೋದ ಮೇಲೆ ಲೈಬ್ರರಿಯಲ್ಲಿ ಕೂತು ಹಿಂದೂ ಸಂಪ್ರದಾಯಗಳ ಮೇಲೆ ಅಮೆರಿಕನ್ ವಿದ್ವಾಂಸರು ಬರೆದದ್ದನ್ನು ಹಸಿದವನಂತೆ ಓದುತ್ತಾನೆ. ಅಂಥದೊಂದು ಪುಸ್ತಕದಲ್ಲಿ, ಫೋಟೋ ಸ್ಟುಡಿಯೋ ಇಟ್ಟುಕೊಂಡ ತನ್ನ ದಾಯಾದಿ ತೆಗೆದುಕೊಟ್ಟ ಚಿತ್ರಗಳಿವೆ. ಪುಟ ತಿರುವುತ್ತಾನೆ. ಗುರುತಿನ ಮನೆ, ಗುರುತಿನ ಮುಖಗಳು. ಆಮೇಲೆ ಅಂತ್ಯಕ್ರಿಯೆಯ ಚಿತ್ರ: ಶವ ತನ್ನ ಅಪ್ಪನದು. ಇನ್ನೂ ಮುಂದೆ ಕೇಶಮುಂಡನ ಮಾಡಿಸಿಕೊಂಡ ವಿಧವೆಯ ಚಿತ್ರ: ಅವಳು ತನ್ನ ಅಮ್ಮ. ದೂರದಲ್ಲಿರುವ ಮಗ ನೊಂದಾನು ಎಂದು ಮನೆಯವರು ಸಾವಿನ ಸುದ್ದಿಯನ್ನೇ ಮುಚ್ಚಿಟ್ಟಿದ್ದರು. ತನ್ನ ಮನೆಯ ಸಾವು ಅವನಿಗೆ ತಲುಪುವುದು ಪರರ ಸಂಶೋಧನೆಯ ಉದಾಹರಣೆಯಾಗಿ. ಕತೆ ಕಣ್ಣೀರು ತರಿಸಲು ಹೋಗುವುದಿಲ್ಲ. ಪುಟಗಳನ್ನು ತಿರುವಿಸುತ್ತದೆ, ಅಷ್ಟೇ. ಅದರ ಕ್ರೌರ್ಯವೂ ಕಲೆಯೂ ಅದೇ.

ಯು.ಆರ್. ಅನಂತಮೂರ್ತಿ ‘ಸಂಸ್ಕಾರ’ ಕಾದಂಬರಿಯನ್ನು ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ, 1965ರ ಸುಮಾರಿಗೆ. ಅಲ್ಲಿಯೂ ನಡುವೆ ಇರುವುದು ಸಂಸ್ಕಾರವಾಗದ ಒಂದು ಹೆಣ. ಹೊರನಾಡಿನಲ್ಲಿ ಕೂತ ಇಬ್ಬರು ಕನ್ನಡ ಲೇಖಕರಿಗೆ ಊರಿನ ಉತ್ತರಕ್ರಿಯೆಯೇ ಕಣ್ಣಿಗೆ ಕಟ್ಟಿದ್ದು ಆಕಸ್ಮಿಕ ಎಂದು ನನಗನ್ನಿಸುವುದಿಲ್ಲ. ದೂರ ಹೋದವನು ಮದುವೆ, ಗೃಹಪ್ರವೇಶಗಳಿಗೆ ರಜೆ ಹೊಂದಿಸಿಕೊಂಡು ಬರುತ್ತಾನೆ. ಸಾವಿಗೆ ಮಾತ್ರ ಹೊಂದಿಸಿಕೊಳ್ಳಲಾರ.

ಇದು ನಮ್ಮ ಬಡಾವಣೆಗಳಿಗೆ ಚೆನ್ನಾಗಿ ಗೊತ್ತಿದೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್‌ನಿಂದಾಗಿ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಮುಂದಿನ ವರ್ಷದ ಎರಡನೇ ಅಲೆಯಲ್ಲಿ ಸುಮನಹಳ್ಳಿಯ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದವು. ಯಾರೋ ನೆಂಟ ಮೊಬೈಲ್ ಎತ್ತಿ ಹಿಡಿದು, ಸಾಗರದಾಚೆಯ ಮಗನಿಗೋ ಮಗಳಿಗೋ ವಿಡಿಯೊದಲ್ಲಿ ಕೊನೆಯ ದರ್ಶನ ಮಾಡಿಸಿದ ಮನೆಗಳು ಇಲ್ಲಿ ಎಷ್ಟೋ ಇವೆ. ಅಣ್ಣಯ್ಯನಿಗೆ ಅಚ್ಚಿನ ಪುಟ ತೋರಿಸಿದ್ದನ್ನು ಇವರಿಗೆ ಫೋನಿನ ಪರದೆ ತೋರಿಸಿತು. ಆ ಅನುಭವದಿಂದ ಹುಟ್ಟಿದ, ರಾಮಾನುಜನ್ ಕತೆಯ ಪಕ್ಕದಲ್ಲಿ ಇಡಬಹುದಾದ ಒಂದು ಗದ್ಯ ಬರಹವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ಹಳೆಯದು. ಆರು ತಿಂಗಳ ಈ ಪ್ರಯಾಣಗಳಲ್ಲಿ ಬಹುಪಾಲು ನಡೆಯುವುದು ಬಾಣಂತನಕ್ಕೆ. ಹೋಗುವುದು ಮುಖ್ಯವಾಗಿ ತಾಯಿ. ತಂದೆ ಜೊತೆಗೆ ಹೋಗುತ್ತಾರೆ, ಬರೆಯುವುದು ಮಾತ್ರ ತಂದೆ. ಹೊರಗೆ ಹಿಮ ಬೀಳುವಾಗ ಕೂಸಿಗೆ ಎಣ್ಣೆ ತಿಕ್ಕಿ, ಕಾರ್ಪೆಟ್ ನೆನೆಯದಂತೆ ನೀರು ಹುಯ್ಯುವುದು ಹೇಗೆ, ಸ್ಮೋಕ್ ಅಲಾರಂ ಕಿರುಚದಂತೆ ಸಾಂಬ್ರಾಣಿ ಹಾಕುವುದು ಹೇಗೆ ಎಂಬುದೆಲ್ಲ ಆಕೆಗೆ ಗೊತ್ತು. ಮೊಮ್ಮಗುವಿನ ಕಿವಿಗೆ ಮೊದಲು ಬೀಳುವ ಕನ್ನಡ ಆಕೆಯದೇ, ವೀಸಾ ಮುಗಿದ ದಿನ ಅದು ನಿಂತುಹೋಗುತ್ತದೆ. ಹೆಣ್ಣಿನ ಪ್ರವಾಸ ಗದ್ಯ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಸಾಕ್ಷಿ. ಪ್ರಶ್ನೆಯೊಂದನ್ನು ಹೊತ್ತು ತಿರುಗುವ ಅವರ ಛಲ ‘ಯಾದ್ ವಶೇಮ್’ ಕಾದಂಬರಿಯ ಬೆನ್ನಿಗೂ ಇದೆ. ಬಾಣಂತನದ ಅಜ್ಜಿ ಪೆರುವಿನವರೆಗೆ ಹೋಗಬೇಕಾಗಿಲ್ಲ. ಮಗಳ ಮನೆಯ ಬಚ್ಚಲಿನಿಂದಲೇ ಆಕೆ ಶುರುಮಾಡಲಿ. ಬರೆಯಲು ಬೇಸರವಾದರೆ ಆಕೆ ಹೇಳಲಿ, ಪುಸ್ತಕ ಬರೆಯುವ ಗಂಡ ಈ ಸಲ ಬರೆದುಕೊಳ್ಳಲಿ.