ಮಳೆಯನ್ನು ಹಂಚುವ ಸಹ್ಯಾದ್ರಿ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ಕೆಲವೇ ಗಂಟೆಗಳ ಬಸ್ ಹಾದಿಯ ಚಳ್ಳಕೆರೆಗೆ 500 ಮಿ.ಮೀ. ಬಂದರೆ ಅದೇ ದೊಡ್ಡದು. ಅರಬ್ಬಿ ಸಮುದ್ರದ ಮೋಡಗಳನ್ನು ಸಹ್ಯಾದ್ರಿ ಅಡ್ಡಹಾಕಿ, ಮೇಲಕ್ಕೇರಿಸಿ, ತಂಪಾಗಿಸಿ, ಪಡುವಣ ಮಗ್ಗುಲಲ್ಲೇ ಹಿಂಡಿಬಿಡುತ್ತದೆ. ಮೂಡಣಕ್ಕೆ ಉಳಿಯುವುದು ಗಾಳಿ, ಹುಲ್ಲು, ಕುರಿ.

ಮಲೆನಾಡಿಗರ ಬೆನ್ನು ಕಾದದ್ದು ಆ ಬಯಲುಸೀಮೆಯ ಕುರಿಯ ಉಣ್ಣೆಯೇ. ಕುರುಬರು ನೇಯ್ದ ಕಪ್ಪು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೇರಿಸಿಕೊಂಡರೆ ನೀರು ಒಳಗಿಳಿಯಲು ತುಂಬ ಹೊತ್ತು ಬೇಕು. ನೆನೆದರೂ ಮೈ ಬೆಚ್ಚಗೇ ಇರುತ್ತದೆ. ನಾಟಿ ಮಾಡುವ ಹೆಂಗಸರಿಗೆ ಗೊರಬು: ಬಿದಿರ ಹೆಣಿಗೆಯ ನಡುವೆ ಎಲೆ ಹಾಸಿದ, ನೆತ್ತಿಯಿಂದ ಸೊಂಟದವರೆಗೆ ಮುಚ್ಚುವ ಚಿಪ್ಪು. ಬಗ್ಗಿದ ಬೆನ್ನಿಗೆ ಸರಿಯಾಗಿ ಕೂರುತ್ತದೆ, ಎರಡು ಕೈಯೂ ಕೆಲಸಕ್ಕೆ ಬಿಡುವು. ಪ್ಲಾಸ್ಟಿಕ್ ಕೊಪ್ಪೆಯೊಳಗೆ ಬೆವರುವವರಿಗೆ ಗೊರಬಿನ ಜಾಣ್ಮೆ ಗೊತ್ತು.

ಘಟ್ಟದ ಕೆಳಗೆ ಕಲೆಯ ಪಂಚಾಂಗವೂ ಮಳೆಯದೇ. ಮಳೆಗಾಲದ ಹೊಸ್ತಿಲಲ್ಲಿ ತುಳುವರು ಆಚರಿಸುವ ಪತ್ತನಾಜೆಯ ದಿನ ಬಂತೆಂದರೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟ ಉತ್ತರ ಕನ್ನಡದ ಸೊಪ್ಪಿನ ಬೆಟ್ಟ. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಕಾಡಿನ ಹಕ್ಕು. ಅಲ್ಲಿ ಸವರಿದ ಸೊಪ್ಪು ಮೊದಲು ಕೊಟ್ಟಿಗೆಗೆ ಹಾಸು, ಸಗಣಿಯೊಡನೆ ಕಳಿತು ಗೊಬ್ಬರ, ಆಮೇಲೆ ಅಡಿಕೆ ಮರದ ಬುಡಕ್ಕೆ. ಅಷ್ಟು ಮಳೆ ಬಡಿದರೂ ತೋಟದ ಮಣ್ಣು ಬಡವಾಗದಿರುವುದು ಇದರಿಂದ. ಕೊಂಬೆ ಬೋಳಾದ ಮರ ಕಂಡವರಿಗೆ ಕಾಡು ಹಾಳಾಯಿತು ಅನ್ನಿಸಬಹುದು. ಅತಿಯಾಗಿ ಕಡಿದು ಕೆಡಿಸಿದ ಬೆಟ್ಟಗಳೂ ಇವೆ, ಸುಳ್ಳಲ್ಲ. ಹದವರಿತು ಸವರಿದ ಕಡೆ ಮಾತ್ರ ಅದೇ ಮತ್ತಿ, ಅದೇ ಹೊನ್ನೆ ಮೊಮ್ಮಕ್ಕಳ ಕಾಲಕ್ಕೂ ಸೊಪ್ಪು ಕೊಡುತ್ತಿವೆ.