ಹೇಳ್ಕೋತ ಓದುವುದು

"ಟ್ಯೂಷನ್ ಹೇಳ್ಕೋತ ಎಂ.ಎಸ್ಸಿ. ಮಾಡಿದ್ರಾತು ಬಿಡವಾ." ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳಲ್ಲಿ ಡಿಗ್ರಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಫಲಿತಾಂಶ ಬಂದ ವಾರವೇ ಈ ಮಾತು ಹೊರಡುತ್ತದೆ. ಕೆಲವು ವರ್ಷ ಕಳೆದ ಮೇಲೆ ಇದೇ ಮಾತು ಶಾಲು ಹೊದ್ದು ಸನ್ಮಾನದ ವೇದಿಕೆ ಏರುತ್ತದೆ: "ಟ್ಯೂಷನ್ ಹೇಳಿಕೊಂಡೇ ಓದಿ ಮುಂದೆ ಬಂದ ಸ್ವಾವಲಂಬಿ." ಚಪ್ಪಾಳೆ ಬೀಳುತ್ತದೆ. ಕನ್ನಡದ ಸಾರ್ವಜನಿಕ ಜೀವನದಲ್ಲಿ ಇಷ್ಟು ಸುಲಭವಾಗಿ ಹೊಗಳಿಕೆ ಗಿಟ್ಟಿಸಿದ, ಇಷ್ಟು ಕಡಿಮೆ ಪರಿಶೀಲನೆಗೆ ಒಳಗಾದ ಪದ್ಧತಿ ಇನ್ನೊಂದಿಲ್ಲ ಎಂದು ನನಗೆ ಅನಿಸುತ್ತದೆ. ನಾನೂ ಮೂರು ವರ್ಷ ಬೆಳಿಗ್ಗೆ ಎರಡು, ಸಂಜೆ ಎರಡು ಬ್ಯಾಚಿಗೆ ಗಣಿತ ಹೇಳಿದವನು. ಈ ಹೊಗಳಿಕೆ ನನಗೂ ಸಿಕ್ಕಿದೆ. ಅದು ಸಲ್ಲದ ಹೊಗಳಿಕೆ.

ಆ ವಾಕ್ಯವನ್ನೇ ನೋಡೋಣ. ಪಾಠ ಮಾಡುವುದಕ್ಕೆ ಕನ್ನಡದಲ್ಲಿ "ಹೇಳಿಕೊಡು" ಎನ್ನುತ್ತೇವೆ. ಕಲಿಸುವ ಕೆಲಸದ ಒಳಗೇ "ಕೊಡು" ಎಂಬ ಕ್ರಿಯೆ ಕೂತಿದೆ. ಟ್ಯೂಷನ್ನಿನ ಮಾತು ಬಂದಾಗ ಮಾತ್ರ ಅದು "ಹೇಳ್ಕೋತ" ಆಗುತ್ತದೆ. "ಕೊಡು" ಹೋಗಿ "ಕೊಳ್ಳು" ಬರುತ್ತದೆ. ನಮ್ಮ ಸೀಮೆಯಲ್ಲಿ "ಹೋಕ್ಕೋತ", "ತಿನ್ಕೋತ" ಎಂದು ಎಲ್ಲ ಕ್ರಿಯೆಗೂ ಹೀಗೇ ಅನ್ನುತ್ತೇವೆ, ಅದರಲ್ಲಿ ವಿಶೇಷ ಹುಡುಕಬೇಕಿಲ್ಲ ಎಂದು ವೈಯಾಕರಣರು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಆದರೂ ಅದೇ ಮನೆಯವರು ಶಾಲೆಯ ಮಾಸ್ತರರ ಬಗ್ಗೆ ಹಾಗೆ ಅನ್ನುವುದಿಲ್ಲ. ಮಾಸ್ತರು ಸಾಲಿ ಕಲಿಸುತ್ತಾರೆ. ಮನೆಯ ಮಗಳು ಟ್ಯೂಷನ್ "ಹೇಳ್ಕೋತ" ಇರುತ್ತಾಳೆ. ವ್ಯಾಕರಣದಲ್ಲಿ ಅದು ಕೃದಂತಾವ್ಯಯ, ಮುಖ್ಯ ಕ್ರಿಯಾಪದಕ್ಕೆ ಆತುಕೊಂಡು ನಿಲ್ಲುವ ಪದ. ವಾಕ್ಯದಲ್ಲಿ ಮುಖ್ಯ ಕ್ರಿಯೆ ಎಂ.ಎಸ್ಸಿ. ಮಾಡುವುದು. ದಿನದ ಬದುಕಿನಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ: ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಎಂಟೂವರೆ ಟ್ಯೂಷನ್ನಿಗೆ ಹೋಗುತ್ತದೆ. ಎಂ.ಎಸ್ಸಿ. ಅದರ ನಡುವಿನ ಬಿರುಕಿಗೆ ಬಂದು ಕೂರುತ್ತದೆ.

ಬಿರುಕಿಗೆ ಹೊಂದುವ ಕೋರ್ಸನ್ನೇ ಆರಿಸಿಕೊಳ್ಳಬೇಕಾಗುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ಈ ನಾಲ್ಕು ಊರುಗಳ ಪದವೀಧರರ ಎದುರು ಇವತ್ತು ಇರುವ ದಾರಿಗಳು ನಮ್ಮ ಕಾಲಕ್ಕಿಂತ ಎಷ್ಟೋ ಹೆಚ್ಚು. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಒಂದೇ. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. 2023ರಲ್ಲಿ ಜಮಖಂಡಿಗೇ ಬಾಗಲಕೋಟೆ ವಿಶ್ವವಿದ್ಯಾಲಯ ಬಂತು. ಕಲಬುರಗಿ ಬಳಿ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅದಕ್ಕೆ ಸಿಯುಇಟಿ ಬರೆಯಬೇಕು. ಐಐಟಿಗಳ ಎಂ.ಎಸ್ಸಿ.ಗೆ ಜಾಮ್ ಪರೀಕ್ಷೆ ಇದೆ. ಎರಡು ವರ್ಷದ ಬಿ.ಇಡಿ., ಮೈಸೂರಿನ ಮುಕ್ತ ವಿಶ್ವವಿದ್ಯಾಲಯ, ಧಾರವಾಡದ ಸಪ್ತಾಪುರದ ಕೋಚಿಂಗ್ ಗಲ್ಲಿಗಳಲ್ಲಿ ಪಿಎಸ್‌ಐ, ಎಫ್‌ಡಿಎ ತಯಾರಿ, ಎಲ್ಲವೂ ಇವೆ. ಇವನ್ನು ತೂಗುವಾಗ ವಿಭಾಗದಲ್ಲಿ ಯಾರು ಕಲಿಸುತ್ತಾರೆ, ಗ್ರಂಥಾಲಯ ಹೇಗಿದೆ, ಮುಂದೆ ಸಂಶೋಧನೆಗೆ ದಾರಿಯಿದೆಯೇ ಎಂಬ ಪ್ರಶ್ನೆಗಳು ಬರಬೇಕು. ಬರುವ ಪ್ರಶ್ನೆ ಒಂದೇ: "ಐದರ ಬ್ಯಾಚಿಗೆ ಬಸ್ಸು ಹತ್ತಿ ಬರಾಕ ಆಕ್ಕೈತೇನು?" ಧಾರವಾಡ ಬಿದ್ದುಹೋಗುತ್ತದೆ. ಕಡಗಂಚಿ ನೆನಪಿಗೇ ಬರುವುದಿಲ್ಲ. ಜಾಮ್‌ಗೆ ದಿನಕ್ಕೆ ನಾಲ್ಕು ಗಂಟೆ ಓದಬೇಕು. ಆ ನಾಲ್ಕು ಗಂಟೆ ಹತ್ತನೆಯ ತರಗತಿಯ ಮಕ್ಕಳದ್ದಾಗಿ ಹೋಗಿದೆ.

ಜಮಖಂಡಿಯಲ್ಲಿ ವಿಶ್ವವಿದ್ಯಾಲಯ ಇರುವುದು ದೊಡ್ಡ ಸಂಗತಿ, ಅದನ್ನು ಹಗುರಾಗಿ ಕಾಣುತ್ತಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮುಧೋಳದ, ಬೀಳಗಿಯ, ಬನಹಟ್ಟಿಯ ಹುಡುಗಿಯರು ಕೆಂಪು ಬಸ್ಸಿನಲ್ಲಿ ಖರ್ಚಿಲ್ಲದೆ ಹೋಗಿ ಬರುತ್ತಾರೆ. ಧಾರವಾಡದಲ್ಲಿ ರೂಮು ಮಾಡಿಕೊಡಲು ಒಪ್ಪದ ಎಷ್ಟೋ ಅಪ್ಪಂದಿರು ಇದಕ್ಕೆ ಒಪ್ಪಿದ್ದಾರೆ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿದಾಗ ಬಾಗಲಕೋಟೆಯ ಹೆಸರೂ ಅದರಲ್ಲಿತ್ತು. ಅದು ಜಾರಿಯಾದರೆ ಮೊದಲು ಓದು ನಿಲ್ಲುವುದು ಈ ಹುಡುಗಿಯರದ್ದೇ. ಹತ್ತಿರ ಇದೆ ಎಂದು ಒಂದು ವಿಶ್ವವಿದ್ಯಾಲಯವನ್ನು ಆರಿಸುವುದರಲ್ಲಿ ತಪ್ಪಿಲ್ಲ. ಟ್ಯೂಷನ್ನಿನ ಗಂಟೆಗೆ ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಆರಿಸಿ, ಆಮೇಲೆ ಅದನ್ನು ಸ್ವಾವಲಂಬನೆ ಎಂದು ಕರೆಯುವುದರಲ್ಲಿ ತಪ್ಪಿದೆ.

ಈ ಪದ್ಧತಿಯನ್ನು ಸಮರ್ಥಿಸುವವರು ತಪ್ಪದೆ ಹೇಳುವ ಇನ್ನೊಂದು ಮಾತಿದೆ: ಕಲಿಸಿದರೆ ತಾನೂ ಕಲಿಯುತ್ತಾನೆ, ಟ್ಯೂಷನ್ ಹೇಳುವವನ ವಿಷಯ ಗಟ್ಟಿಯಾಗುತ್ತದೆ. ಇದನ್ನು ಒಂದು ಪಾಠದಲ್ಲಿಟ್ಟು ಪರೀಕ್ಷಿಸಬೇಕು. ಹತ್ತನೆಯ ತರಗತಿಯ ಥೇಲ್ಸ್ ಪ್ರಮೇಯವನ್ನು ತೆಗೆದುಕೊಳ್ಳಿ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವಂಥದು. ಪಾಸಿಂಗ್ ಪ್ಯಾಕೇಜ್‌ಗಳಲ್ಲಿ ಮೊದಲ ಪುಟದ ಸರಕು. ಸಾಧನೆಯ ಕ್ರಮ ಎಲ್ಲರಿಗೂ ಬಾಯಿಪಾಠ: ದತ್ತ, ಸಾಧನೀಯ, ರಚನೆ, ಸಾಧನೆ. ಎಬಿಸಿ ತ್ರಿಭುಜದಲ್ಲಿ ಬಿಸಿಗೆ ಸಮಾಂತರವಾಗಿ ಡಿಇ ಇದೆ ಎಂಬುದು ದತ್ತ. ಅದು ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ ಎಂಬುದು ಸಾಧನೀಯ. ಇವೆರಡೂ ಪ್ರಶ್ನೆಯಲ್ಲೇ ಇರುತ್ತವೆ. ಆಮೇಲೆ ರಚನೆ: ಬಿಇ ಮತ್ತು ಸಿಡಿ ಸೇರಿಸಿ, ಡಿಯಿಂದ ಎಸಿಗೆ, ಇಯಿಂದ ಎಬಿಗೆ ಲಂಬ ಎಳೆಯಿರಿ.

ಯಾಕೆ? ಪ್ರಶ್ನೆಯಲ್ಲಿ ಇಲ್ಲದ ನಾಲ್ಕು ಗೆರೆಗಳು ಎಲ್ಲಿಂದ ಬಂದವು? ಸಮಾಂತರ ರೇಖೆಗಳ ಬಗ್ಗೆ ನಮಗೆ ಈಗಾಗಲೇ ಗೊತ್ತಿರುವುದು ಏನು ಎಂದು ಹುಡುಕುವಾಗ ಸಿಗುವ ಗೆರೆಗಳು ಅವು. ಒಂದೇ ಪಾದದ ಮೇಲೆ, ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇರುವ ತ್ರಿಭುಜಗಳ ವಿಸ್ತೀರ್ಣ ಸಮ, ಹಿಂದೆ ಕಲಿತದ್ದು. ಹಾಗಾದರೆ ಡಿಇಯನ್ನು ಪಾದವಾಗಿಟ್ಟುಕೊಂಡ ಎರಡು ತ್ರಿಭುಜ ಬೇಕು. ಬಿಇ ಎಳೆದರೆ ಒಂದು, ಸಿಡಿ ಎಳೆದರೆ ಇನ್ನೊಂದು. ಉದ್ದದ ಮಾತನ್ನು ವಿಸ್ತೀರ್ಣದ ಮಾತಾಗಿ ತಿರುಗಿಸಬೇಕು, ಅದಕ್ಕೆ ಎತ್ತರ ಬೇಕು, ಆದ್ದರಿಂದ ಲಂಬಗಳು. ಇಡೀ ಪ್ರಮೇಯದ ಬುದ್ಧಿ ಇರುವುದು ರಚನೆಯ ಆ ಒಂದು ಸಾಲಿನಲ್ಲಿ. ಸಾಧನೆ ಅದರ ಲೆಕ್ಕಪತ್ರವಷ್ಟೇ. ಟ್ಯೂಷನ್ನಿನಲ್ಲಿ ಬರೆಸಿ ಮುಗಿಸುವುದು ಸರಿಯಾಗಿ ಆ ಸಾಲನ್ನೇ. "ರಚನೆ ಬರ್ಕೊಳ್ರಿ, ಅದಕ್ಕ ಮಾರ್ಕ್ಸ್ ಐತಿ" ಎಂದು ನಾನೇ ನೂರಾರು ಸಲ ಹೇಳಿದ್ದೇನೆ. ಮೂರು ವರ್ಷ ಆ ಪ್ರಮೇಯವನ್ನು ಹೇಳಿದೆ. ಆ ಗೆರೆಗಳು ಯಾಕೆ ಎಂದು ಒಂದು ಸಲವೂ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ನನಗೆ ಅದು ಹೊಳೆದದ್ದು ಟ್ಯೂಷನ್ ಬಿಟ್ಟ ಎಷ್ಟೋ ವರ್ಷಗಳ ಮೇಲೆ. ಹಾಗಾದರೆ ಏನು ಗಟ್ಟಿಯಾಯಿತು? ದನಿ ಗಟ್ಟಿಯಾಯಿತು, ಕೈಬರಹ ಗಟ್ಟಿಯಾಯಿತು. ಬಾಯಿಪಾಠವಾದದ್ದು ಹುಡುಗರಿಗಿಂತ ಮೊದಲು ನನಗೆ.

ಇದಕ್ಕೆ ಟ್ಯೂಷನ್ ಹೇಳುವವರನ್ನು ದೂರುವುದು ಅನ್ಯಾಯ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿದಾಗ, ಅದೂ ಕೃಪಾಂಕ ಕೊಟ್ಟ ಮೇಲೆ, ಪೋಷಕರ ಗಾಬರಿ ನೇರವಾಗಿ ಟ್ಯೂಷನ್ ಕೋಣೆಗೆ ಬಂತು. ಪೋರ್ಷನ್ ಎಲ್ಲಿಗೆ ಬಂತು ಎಂದು ಕೇಳುವ ತಂದೆಗೆ ರಚನೆಯ ಸೊಗಸು ಬೇಕಿಲ್ಲ. ಅವನು ಹಗಲಿಡೀ ಮಗ್ಗದ ಮುಂದೆ ನಿಂತು ದುಡಿದ ಹಣ ಕೊಡುತ್ತಿದ್ದಾನೆ. ಕಬ್ಬು ಬೆಳೆಯುವ ಮುಧೋಳದ ಕಡೆ ಫೀ ತಿಂಗಳಿಗೆ ಸರಿಯಾಗಿ ಬರುವುದೂ ಇಲ್ಲ. "ಕಬ್ಬಿನ ಬಿಲ್ ಬಂದ ಮ್ಯಾಲೆ ಕೊಡ್ತೀವ್ರಿ" ಎಂಬ ಮಾತಿನ ಮೇಲೆ ನಾಲ್ಕು ತಿಂಗಳು ಪಾಠ ನಡೆಯುತ್ತದೆ. ಟ್ಯೂಷನ್ ಹೇಳುವವರು ತಮ್ಮ ಎಂ.ಎಸ್ಸಿ. ಅರ್ಜಿ ಶುಲ್ಕ ಕಟ್ಟುವ ಹೊತ್ತಿಗೆ ಸಕ್ಕರೆ ಕಾರ್ಖಾನೆ ಹಣ ಹಾಕಿರುವುದಿಲ್ಲ.

ಟ್ಯೂಷನ್ನನ್ನೇ ನಿಷೇಧಿಸಿ ಎನ್ನುವ ವಿಮರ್ಶಕರೂ ಇದ್ದಾರೆ. ಅವರಿಗೆ ಹೆಚ್ಚು ಹೊತ್ತು ಕೊಡಲಾರೆ. ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಕಲಂ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳಬಾರದು ಎನ್ನುತ್ತದೆ. 2024ರ ಜನವರಿಯ ಕೇಂದ್ರದ ಮಾರ್ಗಸೂಚಿ ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರಗಳ ಬಗ್ಗೆ. ಮನೆಯ ಪಡಸಾಲೆಯಲ್ಲಿ ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡ ಬಿ.ಎಸ್ಸಿ. ಹುಡುಗಿ ಎರಡರಲ್ಲೂ ಇಲ್ಲ. ಅವಳನ್ನು ಓಡಿಸಿ ಯಾರಿಗೇನು ಸಿಗುತ್ತದೆ?

ನನ್ನ ನಿಜವಾದ ಜಗಳ ಹಿರಿಯರ ಜೊತೆ. "ನಾವು ವಾರಾನ್ನ ಉಂಡು ಓದಿದವರು, ಇವರು ಟ್ಯೂಷನ್ ಹೇಳಿ ಓದಲಿ, ಕಷ್ಟ ಗೊತ್ತಾಗಲಿ" ಎನ್ನುವ ಹಿರಿಯರು. ಪ್ರತಿ ಸಮಾರಂಭದಲ್ಲೂ ಈ ಹೋಲಿಕೆ ಬರುತ್ತದೆ, ಪ್ರತಿ ಸಲವೂ ನನಗೆ ಎದ್ದು ನಿಂತು ತಡೆಯಬೇಕೆನಿಸುತ್ತದೆ. ವಾರಾನ್ನದಲ್ಲಿ ಹುಡುಗನ ಊಟದ ಹೊಣೆ ಏಳು ಮನೆಗಳದ್ದು. ಅವಮಾನವಿತ್ತು, ಜಾತಿಯ ಗೆರೆಯಿತ್ತು, ಎಲ್ಲರಿಗೂ ಅದು ಸಿಗುತ್ತಿರಲಿಲ್ಲ, ನಿಜ. ಆದರೆ ಓದುವ ಹುಡುಗ ಓದಲಿ, ಉಳಿದದ್ದನ್ನು ಊರು ನೋಡಿಕೊಳ್ಳುತ್ತದೆ ಎಂಬ ಒಪ್ಪಂದ ಅದರ ಹಿಂದೆ ಇತ್ತು. ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿಎಲ್‌ಡಿಇ ಕಟ್ಟಿದ್ದು, ಬೆಳಗಾವಿಯ ಸಪ್ತರ್ಷಿಗಳು 1916ರಲ್ಲಿ ಕೆಎಲ್‌ಇ ಕಟ್ಟಿದ್ದು, ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿದ್ದು ಅದೇ ಒಪ್ಪಂದವನ್ನು ಹಿಗ್ಗಿಸಿ. ಇವರಲ್ಲಿ ಯಾರೂ ಹುಡುಗರಿಗೆ "ದುಡಿದುಕೊಂಡು ಬಾ, ಆಮೇಲೆ ಓದು" ಎನ್ನಲಿಲ್ಲ. ಜಮಖಂಡಿಯವರು ಹೆಮ್ಮೆಯಿಂದ ನೆನೆಯುವ ಗುರುದೇವ ರಾನಡೆಯವರು 1902ರಲ್ಲಿ ಇಲ್ಲಿಂದಲೇ ಮೆಟ್ರಿಕ್ ಮುಗಿಸಿ, ಸಂಸ್ಕೃತಕ್ಕೆ ಸಿಕ್ಕ ಶಂಕರಶೇಟ್ ವಿದ್ಯಾರ್ಥಿವೇತನ ಪಡೆದು ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು. ಅವರನ್ನು ವೇದಿಕೆಯಲ್ಲಿ ಉದಾಹರಿಸುವವರು ಆ ವಿದ್ಯಾರ್ಥಿವೇತನದ ಮಾತನ್ನು ಬಿಟ್ಟೇ ಉದಾಹರಿಸುತ್ತಾರೆ.

ಅದೇ ವೇದಿಕೆಗಳಲ್ಲಿ ಕಾಯಕದ ಮಾತೂ ಬರುತ್ತದೆ. ಶರಣರ ನಾಡಿನಲ್ಲಿ ಕಾಯಕದ ಪಕ್ಕದಲ್ಲಿ ದಾಸೋಹ ಇತ್ತು. ಕಾಯಕವನ್ನು ಇಪ್ಪತ್ತೊಂದು ವರ್ಷದ ಹುಡುಗಿಯ ಹೆಗಲಿಗೆ ಹಾಕಿ ದಾಸೋಹವನ್ನು ಮರೆತ ಸಮಾಜ ಶರಣರ ಹೆಸರು ಹೇಳಬಾರದು.

ಸರ್ಕಾರದ ತೂಕವೂ ಹೀಗೇ ಒಂದು ಕಡೆಗೆ ವಾಲಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಯುವನಿಧಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ, ಎರಡು ವರ್ಷದವರೆಗೆ. ಉನ್ನತ ಶಿಕ್ಷಣಕ್ಕೆ ಸೇರಿದವರಿಗೆ ಅದು ಇಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆಂದು 2013-14ರಲ್ಲಿ ಬಂದ ವಿದ್ಯಾಸಿರಿ ಕೊಟ್ಟದ್ದು ತಿಂಗಳಿಗೆ 1,500, ಅದೂ ವರ್ಷಕ್ಕೆ ಹತ್ತು ತಿಂಗಳು. ಕೆಲಸವಿಲ್ಲದೆ ಕಾಯುವವರಿಗೆ ಆಸರೆ ಬೇಕೇ ಬೇಕು, ಅದನ್ನು ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಆದರೆ ಎಂ.ಎಸ್ಸಿ.ಗೆ ಸೇರಿದ ದಿನವೇ ಆ ಆಸರೆ ತಪ್ಪುತ್ತದೆ ಎಂದಾಗ, ಎರಡು ವರ್ಷ ಮನೆಯಲ್ಲೇ ಕೂತು ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳಿಕೊಂಡಿರುವುದೇ ಜಾಣತನವಾಗಿ ಕಾಣುತ್ತದೆ. ಈ ಎರಡು ಮೊತ್ತಗಳನ್ನು ಅದಲು ಬದಲು ಮಾಡಿ ನೋಡಲಿ. ಧಾರವಾಡದ ರೂಮಿನ ಬಾಡಿಗೆ ಎಷ್ಟು ಮನೆಗಳ ಮಾತಿನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ ಎಂಬುದು ಒಂದೇ ವರ್ಷದಲ್ಲಿ ಗೊತ್ತಾಗುತ್ತದೆ.

ಈ ಪದ್ಧತಿಯಲ್ಲಿ ಮೆಚ್ಚುವಂಥದು ಏನೂ ಇಲ್ಲವೇ? ಇದೆ. ಸ್ವಂತ ದುಡ್ಡಿರುವ ಹುಡುಗಿಯ ಮಾತಿಗೆ ಮನೆಯಲ್ಲಿ ಬೆಲೆ ಬರುತ್ತದೆ, ಮದುವೆಯ ಮಾತು ಒಂದೆರಡು ವರ್ಷ ಮುಂದೆ ಹೋಗುತ್ತದೆ. ಇದು ಸಣ್ಣದಲ್ಲ. ಅಪರೂಪಕ್ಕೆ ಆ ಪಡಸಾಲೆಯಲ್ಲಿ ನಿಜವಾದ ಪಾಠವೂ ಆಗುತ್ತದೆ.

ಬನಹಟ್ಟಿಯಲ್ಲಿ ಅಂಥದೊಂದನ್ನು ನೋಡಿದ್ದೇನೆ. ಆಚೆ ಕೋಣೆಯಲ್ಲಿ ಪವರ್‌ಲೂಮ್ ಓಡುತ್ತಿತ್ತು, ಈಚೆ ಬಿ.ಎಸ್ಸಿ. ಮುಗಿಸಿದ ಹುಡುಗಿ ಗೋಡೆಗೆ ಒರಗಿಸಿದ ಹಲಗೆಯ ಮೇಲೆ ಅದೇ ಪ್ರಮೇಯ ಬರೆಯುತ್ತಿದ್ದಳು. ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ: "ಅಕ್ಕಾ, ಬಿ-ಇ ಯಾಕ ಕೂಡಸೂದು?" ಅವಳು ಸುಮ್ಮನೆ ನಿಂತಳು. ಗೊತ್ತಿಲ್ಲ, ನಾಳೆ ನೋಡೋಣ ಅಂದಳು. ಮರುದಿನ ಹಲಗೆ ಪೂರ್ತಿ ಒರೆಸಿ, ಬರೀ ಎರಡು ಸಮಾಂತರ ಗೆರೆ ಎಳೆದು ಅಲ್ಲಿಂದ ಶುರು ಮಾಡಿದಳು. ಎರಡು ಸಂಜೆ ಹಿಡಿಯಿತು. ಮೂರನೆಯ ಸಂಜೆ ಒಬ್ಬ ತಾಯಿ ಬಂದು ಪೋರ್ಷನ್ ಹಿಂದೆ ಬಿದ್ದಿದೆ ಎಂದು ಮಗನನ್ನು ಬಿಡಿಸಿಕೊಂಡು ಹೋದರು, ಅವನ ಜೊತೆಗಾರನೂ ಹೋದ. ಆ ತಿಂಗಳು ಎರಡು ಫೀ ಕಡಿಮೆ ಬಂತು. ಧಾರವಾಡದ ಅರ್ಜಿಗೆ ಕೊನೆಯ ದಿನ ಆ ವಾರವೇ ಇತ್ತು.